ಹಸಿರು ಕಾಯಿಯಲ್ಲಿದ್ದ ಪಿಷ್ಟ ಕೆಂಪು ಹಣ್ಣಿನಲ್ಲಿ ಎಲ್ಲಿ ಹೋಯಿತು? ಟೊಮೆಟೊ ಸಕ್ಕರೆಯ ಲೆಕ್ಕ

ಮುಳಬಾಗಿಲು ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಒಂದೇ ನರ್ಸರಿಯ ಒಂದೇ ತಳಿಯ ಸಸಿಗಳನ್ನು ಎರಡು ತಾಕುಗಳಲ್ಲಿ ನಾಟಿ ಮಾಡಿದ್ದೆ. ಗೊಬ್ಬರ, ಹನಿ ನೀರು, ಮಲ್ಚಿಂಗ್ ಹಾಳೆ ಎಲ್ಲವೂ ಒಂದೇ. ಕೆಳಗಿನ ತಾಕಿಗೆ ಅಂಗಮಾರಿ ತಗಲಿ ಅರ್ಧಕ್ಕರ್ಧ ಎಲೆ ಸುಟ್ಟುಹೋಯಿತು. ಕಾಯಿಗೆ ಮಾತ್ರ ಒಂದು ಚುಕ್ಕೆಯೂ ಬೀಳಲಿಲ್ಲ. ತಿರುಳು ತೆಗೆಯುವ ಕಾರ್ಖಾನೆಯೊಂದರ ಖರೀದಿದಾರರು ಬಂದು ಎರಡೂ ತಾಕಿನ ಹಣ್ಣಿನ ರಸವನ್ನು, ಅದರಲ್ಲಿ ಕರಗಿದ ಸಕ್ಕರೆ ಎಷ್ಟೆಂದು ಅಂದಾಜು ಹೇಳುವ ಬ್ರಿಕ್ಸ್ ಮೀಟರಿಗೆ ಬಿಟ್ಟು ನೋಡಿದರು. ಮೇಲಿನ ತಾಕಿನದು 4.8 ತೋರಿಸಿತು, ಕೆಳಗಿನದು 3.7. ಕೆಳಗಿನದು ಬೇಡ ಎಂದುಬಿಟ್ಟರು. ಕಣ್ಣಿಗೆ ಎರಡೂ ಒಂದೇ ಕೆಂಪು, ಹೆಚ್ಚುಕಡಿಮೆ ಒಂದೇ ಗಾತ್ರ. ರೋಗ ಬಂದದ್ದು ಎಲೆಗೆ. ಹಣ್ಣಿನ ರುಚಿ ಏಕೆ ಕೆಡಬೇಕು?

ಇನ್ನೊಂದು ಪ್ರಶ್ನೆ ಮಗಳದು. ಪಿಯುಸಿ ಓದುತ್ತಿದ್ದಾಳೆ. ಆಲೂಗಡ್ಡೆಗೆ ಅಯೋಡಿನ್ ಹಾಕುವ ಪ್ರಯೋಗವನ್ನು ಮನೆಯಲ್ಲಿ ಮಾಡುತ್ತಿದ್ದವಳು ನಿಂಬೆ ಗಾತ್ರದ ಹಸಿರು ಟೊಮೆಟೊ ಕಾಯಿಯನ್ನೂ ಅಡ್ಡ ಕೊಯ್ದು ಒಂದು ಹನಿ ಬಿಟ್ಟಳು. ನಡುವಿನ ದಿಂಡು ಮತ್ತು ಸಿಪ್ಪೆಯ ಒಳಗಿನ ದಪ್ಪ ಗೋಡೆ ನೋಡುನೋಡುತ್ತಿದ್ದಂತೆ ಕಡುನೀಲಿಯಾಯಿತು. ಕೆಂಪು ಹಣ್ಣಿಗೆ ಬಿಟ್ಟರೆ ಅಯೋಡಿನ್ನಿನ ಕಂದು ಬಣ್ಣವೇ ಉಳಿಯಿತು. ಕಾಯಿಯಲ್ಲಿದ್ದ ಪಿಷ್ಟ ಹಣ್ಣಾಗುವಾಗ ಎಲ್ಲಿ ಹೋಗುತ್ತದೆ?

ತಾರಸಿ ತೋಟ

ಅಣ್ಣಾ, ಕಾಯಿಯೇ ಹಸಿರಾಗಿರುತ್ತದಲ್ಲ, ಎಲೆಯ ಹಾಗೆ ಅದೂ ತನ್ನ ಸಕ್ಕರೆಯನ್ನು ತಾನೇ ಮಾಡಿಕೊಳ್ಳುವುದಿಲ್ಲವೇ? ಗೊಂಚಲನ್ನು ಮರೆಮಾಡುವ ಎಲೆಗಳನ್ನು ಕಿತ್ತು ಕಾಯಿಗೆ ಬಿಸಿಲು ಬೀಳಿಸಿದರೆ ಸಿಹಿ ಹೆಚ್ಚುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದ್ದೆ. ಕುಂಡದ ಗಿಡಗಳಿಗೆ ಹಾಗೆಯೇ ಮಾಡುತ್ತಿದ್ದೇನೆ.

ಚಿಂತಾಮಣಿ ಮೇಷ್ಟ್ರು

ತಾರಸಿ ತೋಟದ ಅಕ್ಕಾ, ದಯವಿಟ್ಟು ಆ ಕೈಯನ್ನು ತಡೆಯಿರಿ. ಟೊಮೆಟೊ ಕಾಯಿಗೆ ಹಸಿರು ಇದೆ, ದ್ಯುತಿಸಂಶ್ಲೇಷಣೆಯೂ ಸ್ವಲ್ಪ ನಡೆಯುತ್ತದೆ, ನಿಜ. ಆದರೆ ಹಣ್ಣಿನಲ್ಲಿರುವ ಇಂಗಾಲದ (ಸಕ್ಕರೆ, ಪಿಷ್ಟ ಎಲ್ಲ ಕಟ್ಟಿರುವುದು ಇದರಿಂದಲೇ) ಹತ್ತು ಪಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಪಾಲು ಎಲೆಯಿಂದ ಬಂದದ್ದು. ಬೆಳೆಗಾರರ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ: ರೋಗ ಬಿದ್ದದ್ದು ಎಲೆಗೆ, ನಷ್ಟ ಬಿದ್ದದ್ದು ಹಣ್ಣಿಗೆ.

ಎರಡನೆಯದಕ್ಕೆ ಸ್ವಲ್ಪ ಉದ್ದವಾಗಿ ಬರೆಯಬೇಕು. ಎಲೆ ತಯಾರಿಸಿದ ಸಕ್ಕರೆ ಗಿಡದೊಳಗೆ ಪ್ರಯಾಣ ಮಾಡುವುದು ಸುಕ್ರೋಸ್ ರೂಪದಲ್ಲಿ, ಅಂದರೆ ನಾವು ಕಾಫಿಗೆ ಹಾಕುವ ಅದೇ ಸಕ್ಕರೆ. ದಾರಿ ಫ್ಲೋಯಮ್ ಎಂಬ ನಾಳ. ಈ ನಾಳದ ರಸ ಹೇಗೆ ಹರಿಯುತ್ತದೆ ಎಂಬುದಕ್ಕೆ ಜರ್ಮನಿಯ ಅರ್ನ್ಸ್ಟ್ ಮ್ಯೂಂಖ್ 1930ರಲ್ಲಿ ಕೊಟ್ಟ ವಿವರಣೆಯನ್ನೇ ಇಂದಿಗೂ ಪಾಠ ಮಾಡುತ್ತೇವೆ. ಎಲೆಯ ತುದಿಯಲ್ಲಿ ನಾಳಕ್ಕೆ ಸಕ್ಕರೆ ತುಂಬುತ್ತದೆ. ಅದರ ಹಿಂದೆಯೇ ನೀರು ನುಗ್ಗಿ ಒತ್ತಡ ಏರುತ್ತದೆ. ಕಾಯಿಯ ತುದಿಯಲ್ಲಿ ಸಕ್ಕರೆ ಹೊರಬಿದ್ದು ಒತ್ತಡ ಇಳಿಯುತ್ತದೆ. ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ರಸ ಹರಿಯುತ್ತದೆ. ಹೃದಯದಂತಹ ಪಂಪು ಗಿಡಕ್ಕಿಲ್ಲ.

ಇಲ್ಲಿಯೇ ಪಿಷ್ಟ ಬರುವುದು. ಬಂದ ಸಕ್ಕರೆಯೆಲ್ಲ ಕಾಯಿಯ ಕೋಶಗಳಲ್ಲಿ ಕರಗಿಯೇ ಉಳಿದರೆ ಸ್ವಲ್ಪ ಹೊತ್ತಿನಲ್ಲಿ ಎರಡೂ ತುದಿಗಳ ಸಾಂದ್ರತೆ ಹತ್ತಿರ ಹತ್ತಿರ ಬಂದು ಹರಿವು ನಿಧಾನವಾಗುತ್ತದೆ. ಕೋಲಾರದ ಮಾರುಕಟ್ಟೆಯಲ್ಲಿ ಇಳಿಸಿದ ಬಾಕ್ಸ್‌ಗಳು ಗೇಟಿನ ಬಾಯಲ್ಲೇ ನಿಂತರೆ ಹಿಂದಿನ ಲಾರಿ ಒಳಗೆ ಬರುವುದಿಲ್ಲವಲ್ಲ, ಹಾಗೆ. ಎಳೆಯ ಕಾಯಿ ಆ ಬಾಕ್ಸ್‌ಗಳನ್ನು ಒಳಗೆ ಸಾಗಿಸಿ ಪೇರಿಸುತ್ತದೆ. ಸುಕ್ರೋಸ್ ಸಿಂಥೇಸ್ ಎಂಬ ಕಿಣ್ವ ಬಂದ ಸುಕ್ರೋಸನ್ನು ಒಡೆಯುತ್ತದೆ. ಒಡೆದದ್ದು ಒಂದೆರಡು ಹಂತ ದಾಟಿ, ಕಾಯಿಗೆ ಹಸಿರು ಬಣ್ಣ ಕೊಡುವ ಹರಿತ್ತಿನ ಕಣಗಳೊಳಗೆ ಸೇರಿ ಎಡಿಪಿ-ಗ್ಲೂಕೋಸ್ ಎಂಬ ಕಚ್ಚಾವಸ್ತು ಆಗುತ್ತದೆ. ಅದೇ ಒಂದಕ್ಕೊಂದು ಜೋಡಣೆಯಾಗಿ ಉದ್ದನೆಯ ಪಿಷ್ಟವಾಗುತ್ತದೆ. ಸಾವಿರಾರು ಗ್ಲೂಕೋಸ್ ಅಣುಗಳು ಒಂದು ಕಾಳಿನೊಳಗೆ ಅಡಗಿ ಕುಳಿತ ಮೇಲೆ ಅವು ಕರಗಿದ ಸಕ್ಕರೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಎಲೆಯಿಂದ ಮತ್ತೆ ಸಕ್ಕರೆ ಬರಲು ಜಾಗ ಸಿಕ್ಕಿತು.

ಇಂಗ್ಲೆಂಡಿನಲ್ಲಿ ವಾಕರ್ ಮತ್ತು ಹೋ ಎಂಬ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದರ ಸುಳಿವು ಸಿಕ್ಕಿತ್ತು. ಒಳಗೆ ಸುಕ್ರೋಸ್ ಕಡಿಮೆ ಇರುವ ಕಾಯಿ ಹೆಚ್ಚು ವೇಗವಾಗಿ ಇಂಗಾಲ ಎಳೆದುಕೊಳ್ಳುತ್ತಿತ್ತು. ಗಿಡ ಹಾಗೆಯೇ ಇದ್ದು ಕಾಯಿಯನ್ನು ಮಾತ್ರ ತಣ್ಣಗೆ ಮಾಡಿದರೆ ಆಮದು ಕುಗ್ಗುತ್ತಿತ್ತು. ಕಾಯಿ ಬಾಯಿ ತೆರೆದು ಸುಮ್ಮನೆ ಕೂರುವ ವಸ್ತುವಲ್ಲ, ಅದರೊಳಗಿನ ರಾಸಾಯನಿಕ ಕೆಲಸವೇ ಎಳೆತದ ಮೂಲ.

ಕೆಂಪಾಗುವ ಹೊತ್ತಿಗೆ ಈ ಪಿಷ್ಟ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿರುತ್ತದೆ. ಮಗಳ ಅಯೋಡಿನ್ನಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಅವಳಿಗೆ ನನ್ನ ಶಹಬ್ಬಾಸ್ ಹೇಳಿ. ಪಠ್ಯದಲ್ಲಿಲ್ಲದ ಕಾಯಿಯನ್ನು ಕೊಯ್ದು ನೋಡುವ ಮಕ್ಕಳು ತರಗತಿಗೊಬ್ಬರು ಸಿಕ್ಕರೂ ಪುಣ್ಯ.

ಕೋಲಾರ ಮಂಡಿ

ಮೇಷ್ಟ್ರೇ, ಗೇಟಿನ ಮಾತು ಸರಿಯಾಗಿ ಹೇಳಿದಿರಿ. ಕಾಯಿಯ ಹಸಿರಿನ ಬಗ್ಗೆ ನನ್ನದೊಂದು ಮಾತು. ಮೊದಲು ನಾಟಿ ಹಣ್ಣುಗಳ ತೊಟ್ಟಿನ ಸುತ್ತ ಕಡುಹಸಿರು ಪಟ್ಟಿ ಇರುತ್ತಿತ್ತು. ಹಣ್ಣಾದರೂ ಹೆಗಲು ಪೂರ್ತಿ ಕೆಂಪಾಗುತ್ತಿರಲಿಲ್ಲ. ಬಿಸಿಲು ಜೋರಾದರೆ ಹಳದಿಯಾಗಿ ಗಟ್ಟಿಯಾಗುತ್ತಿತ್ತು. ಹೊರರಾಜ್ಯದ ವ್ಯಾಪಾರಿಗಳು ಅಂಥ ಮಾಲನ್ನು ಕೈಯಿಂದ ಮುಟ್ಟುವುದಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ ಇರಬೇಕು, ಗಟ್ಟಿ ಇರಬೇಕು, ದೋರಗಾಯಿ ಆಗಿರಬೇಕು. ಸಿಹಿ ಎಷ್ಟಿದೆ ಎಂದು ಕಚ್ಚಿ ನೋಡಿ ಹರಾಜು ಕೂಗಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಪ್ರಯೋಗಾಲಯದ ಹುಡುಗಿ

ಮಂಡಿ ಅಣ್ಣಾ, ನೀವು ಹೇಳಿದ ಹಸಿರು ಹೆಗಲಿನ ಹಿಂದೆ ಒಂದು ವಂಶವಾಹಿಯ ಕಥೆಯೇ ಇದೆ. ತಳಿವಿಜ್ಞಾನಿಗಳು ಸುಮಾರು 70 ವರ್ಷಗಳಿಂದ ಕಾಯಿ ಪೂರ್ತಿ ಒಂದೇ ತಿಳಿಹಸಿರು ಇರುವ ಗಿಡಗಳನ್ನೇ ಆರಿಸಿಕೊಂಡು ಬಂದರು. ಯಾವಾಗ ಕೊಯ್ಯಬೇಕೆಂದು ಗುರುತಿಸುವುದು ಸುಲಭ, ಹಣ್ಣು ಒಂದೇ ಸಮ ಕೆಂಪಾಗುತ್ತದೆ ಎಂಬ ಕಾರಣಕ್ಕೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನ್ ಪೊವೆಲ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದು ಇದು: ಆ ಆಯ್ಕೆಯ ಭರದಲ್ಲಿ ಜಿಎಲ್‌ಕೆ2 ಎಂಬ ವಂಶವಾಹಿಯ ಕೆಟ್ಟ ರೂಪವೇ ಎಲ್ಲೆಡೆ ಹರಡಿದೆ. ಕಾಯಿಯಲ್ಲಿ ಹರಿತ್ತಿನ ಕಣಗಳು ಚೆನ್ನಾಗಿ ಬೆಳೆಯಲು ಬೇಕಾದದ್ದು ಅದೇ. ಅದನ್ನು ಸರಿಪಡಿಸಿದ ಗಿಡಗಳ ಕಾಯಿ ಕಡುಹಸಿರಾಯಿತು, ಹಣ್ಣಿನಲ್ಲಿ ಸಕ್ಕರೆ ಹೆಚ್ಚಾಯಿತು.

ಇದರಿಂದ ಮೇಷ್ಟ್ರ ಮಾತು ಸುಳ್ಳಾಗುವುದಿಲ್ಲ. ಆಮದೇ ದೊಡ್ಡದು. ಆದರೆ ಪಿಷ್ಟ ತಯಾರಾಗುವುದೂ ಶೇಖರವಾಗುವುದೂ ಆ ಹರಿತ್ತಿನ ಕಣಗಳೊಳಗೇ. ಕಣ ಚಿಕ್ಕದಾದರೆ ಕಾಯಿಯ ಸ್ವಂತ ತಯಾರಿಕೆಯೂ ಹೋಯಿತು, ಶೇಖರಿಸುವ ಜಾಗವೂ ಕುಗ್ಗಿತು.

ಅಡುಗೆಮನೆ ಅಕ್ಕ

ನಾನು ಮೈಸೂರಿನವಳು, ವಿಜ್ಞಾನ ಓದಿದವಳಲ್ಲ. ಒಂದು ಸಂಶಯ ಇದೆ. ಬಾಳೆಗೊನೆಯನ್ನು ಹಸಿರಿರುವಾಗಲೇ ಕಡಿದು ತಂದು ಮನೆಯಲ್ಲಿ ಹಣ್ಣು ಮಾಡಿದರೂ ಜೇನಿನಂತೆ ಸಿಹಿಯಾಗುತ್ತದೆ. ಟೊಮೆಟೊ ಕಾಯಿಯಲ್ಲೂ ಪಿಷ್ಟ ಇದೆ, ಅದೂ ಸಕ್ಕರೆಯಾಗುತ್ತದೆ ಎನ್ನುತ್ತೀರಿ. ಹಾಗಿದ್ದರೆ ದೋರಗಾಯಿ ತಂದು ಬುಟ್ಟಿಯಲ್ಲಿಟ್ಟು ಕೆಂಪು ಮಾಡಿದ ಟೊಮೆಟೊ ಏಕೆ ಸಪ್ಪೆ? ಸಾರಿಗೆ ಹಾಕಿದರೆ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ಕೊನೆಗೆ ಬೆಲ್ಲದ ಚೂರು ಹಾಕಿ ಸರಿಮಾಡಬೇಕು.

ಪ್ರಯೋಗಾಲಯದ ಹುಡುಗಿ

ಅಕ್ಕಾ, ಇಡೀ ಚರ್ಚೆಯ ಗಂಟು ಇರುವುದೇ ನಿಮ್ಮ ಪ್ರಶ್ನೆಯಲ್ಲಿ. ಬಲಿತ ಬಾಳೆಕಾಯಿಯ ತೂಕದಲ್ಲಿ ಐದನೇ ಒಂದು ಭಾಗದಷ್ಟು ಪಿಷ್ಟವೇ ಇರುತ್ತದೆ. ಕಡಿದು ತಂದ ಮೇಲೂ ಅಷ್ಟು ಪಿಷ್ಟ ಕೈಯಲ್ಲಿದೆ. ಹಣ್ಣಾಗುವಾಗ ಹೆಚ್ಚುಕಡಿಮೆ ಎಲ್ಲವೂ ಸಕ್ಕರೆಯಾಗುತ್ತದೆ. ಟೊಮೆಟೊದ್ದು ಬೇರೆ ಲೆಕ್ಕ. ಅದರ ಎಳೆಯ ಕಾಯಿಯಲ್ಲಿ ಪಿಷ್ಟ ಒಣತೂಕದ ಶೇಕಡ 20ರವರೆಗೆ ಹೋಗಬಹುದು, ಹಸಿ ತೂಕದಲ್ಲಲ್ಲ. ಕಾಯಿಯಲ್ಲಿ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಆದ್ದರಿಂದ ಹಸಿ ತೂಕದಲ್ಲಿ ಅದು ಶೇಕಡ ಒಂದೂ ಚಿಲ್ಲರೆ. ಅದೂ ಹೂ ಅರಳಿದ ಮೂರು ವಾರದ ಆಸುಪಾಸಿನಲ್ಲಿ. ಆಮೇಲೆ ಪಿಷ್ಟ ಕರಗುತ್ತಾ ಹೋಗುತ್ತದೆ. ಮಂಡಿಗೆ ಬರುವ ಬಲಿತ ಕಾಯಿಯಲ್ಲಿ ಉಳಿದಿರುವುದು ಅಲ್ಪಸ್ವಲ್ಪ.

ತೊಟ್ಟು ಕಿತ್ತ ಮೇಲೆ ಎಲೆಯ ದಾರಿಯೂ ಮುಚ್ಚಿತು. ಬಣ್ಣ ತಿರುಗುತ್ತದೆ, ಮೆತ್ತಗಾಗುತ್ತದೆ, ಹುಳಿ ಸ್ವಲ್ಪ ಇಳಿಯುತ್ತದೆ. ಹೊಸ ಸಕ್ಕರೆ ಬರುವ ಮೂಲವೇ ಇಲ್ಲ. ಕೆಂಪು ಬಣ್ಣಕ್ಕೂ ಸಿಹಿಗೂ ನಂಟಿದೆ ಎಂದು ನಾವು ಅಂದುಕೊಂಡಿದ್ದೇವೆ. ಗಿಡದಲ್ಲೇ ಹಣ್ಣಾದಾಗ ಮಾತ್ರ ಆ ಮಾತು ಒಪ್ಪತಕ್ಕದ್ದು.

ಅಂದಹಾಗೆ ಫ್ರಿಜ್‌ನಲ್ಲಿಟ್ಟರೆ ಸಕ್ಕರೆ ಕಡಿಮೆಯಾಗುವುದಿಲ್ಲ, ಘಮ ಸಾಯುತ್ತದೆ. ಅದು ಇನ್ನೊಂದು ದಿನದ ಮಾತು.

ಸಂಶಯ ಪಿಶಾಚಿ

ಒಂದು ನಿಮಿಷ. ಹಾಗಿದ್ದರೆ ಪಿಷ್ಟಕ್ಕೆ ಇಷ್ಟೊಂದು ಮರ್ಯಾದೆ ಏಕೆ? ನಾನು ಒರಟಾಗಿ ಒಂದು ಲೆಕ್ಕ ಹಾಕಿದೆ. 50 ಗ್ರಾಂ ತೂಗುವ ಹಸಿರು ಕಾಯಿ ಇದೆ ಎಂದುಕೊಳ್ಳಿ. ಒಣತೂಕ ಶೇಕಡ 6 ಎಂದರೆ 3 ಗ್ರಾಂ. ಅದರಲ್ಲಿ ಪಿಷ್ಟ ಶೇಕಡ 20 ಎಂದರೆ 0.6 ಗ್ರಾಂ. ಇದೇ ಕಾಯಿ 100 ಗ್ರಾಂ ಹಣ್ಣಾದಾಗ ಅದರಲ್ಲಿ ಸಕ್ಕರೆ ಸುಮಾರು 2.6 ಗ್ರಾಂ ಇರುತ್ತದೆ. ಪಿಷ್ಟವೆಲ್ಲ ಒಂದು ಕಣವೂ ಪೋಲಾಗದೆ ಸಕ್ಕರೆಯಾದರೂ ಒಟ್ಟು ಸಕ್ಕರೆಯ ಕಾಲು ಪಾಲು ಅಷ್ಟೇ. ಉಳಿದ ಮುಕ್ಕಾಲು ಪಾಲು ಆಮೇಲೆ ಎಲೆಯಿಂದ ನೇರವಾಗಿ ಬಂದದ್ದು. ಪಿಷ್ಟ ಒಂದು ತಾತ್ಕಾಲಿಕ ನಿಲ್ದಾಣ, ಕಥಾನಾಯಕನಲ್ಲ.

ಚಿಂತಾಮಣಿ ಮೇಷ್ಟ್ರು

ಪಿಶಾಚಿಯವರೇ, ಲೆಕ್ಕ ಸರಿಯಾಗಿದೆ. ತೀರ್ಪನ್ನು ಮಾತ್ರ ಅವಸರದಲ್ಲಿ ಕೊಟ್ಟಿರಿ. ಪಿಷ್ಟದ ಬೆಲೆ ಅದು ಕೊನೆಯಲ್ಲಿ ಎಷ್ಟು ಗ್ರಾಂ ಸಕ್ಕರೆಯಾಯಿತು ಎಂಬುದರಲ್ಲಿ ಮಾತ್ರ ಇಲ್ಲ. ಮೊದಲ ಮೂರು ವಾರ ಕಾಯಿಯೊಳಗಿನ ಕರಗಿದ ಸಕ್ಕರೆಯನ್ನು ತಗ್ಗಿಸಿಟ್ಟು ಆಮದನ್ನು ನಡೆಸಿತಲ್ಲ, ಆ ಕೆಲಸ ನಿಮ್ಮ ತಕ್ಕಡಿಗೆ ಸಿಗುವುದಿಲ್ಲ.

ಪ್ರಯೋಗಾಲಯದ ಹುಡುಗಿ

ಈ ವಾದದಲ್ಲಿ ಇಬ್ಬರಿಗೂ ಸಾಕ್ಷಿಗಳಿದ್ದಾರೆ. ಮೇಷ್ಟ್ರ ಪರ ಮೊದಲು.

ಪಿಷ್ಟ ತಯಾರಿಕೆಯಲ್ಲಿ ವೇಗವನ್ನು ನಿರ್ಧರಿಸುವ ಹಂತ ಎಡಿಪಿ-ಗ್ಲೂಕೋಸ್ ತಯಾರಾಗುವುದು. ಆ ಕಿಣ್ವದ ಹೆಸರು ಉದ್ದ, ಎಜಿಪಿಯೇಸ್ ಎಂದು ಕರೆಯೋಣ. ಇಸ್ರೇಲಿನ ವೋಲ್ಕಾನಿ ಸಂಸ್ಥೆಯ ಆರ್ಥರ್ ಶಾಫರ್ ತಂಡದವರು ಸೊಲಾನಮ್ ಹ್ಯಾಬ್ರೊಕೈಟಿಸ್ ಎಂಬ ಕಾಡು ಟೊಮೆಟೊದಿಂದ ಈ ಕಿಣ್ವದ ಒಂದು ಭಾಗದ ವಂಶವಾಹಿಯನ್ನು ಸಾಧಾರಣ ಸಂಕರಣದಿಂದಲೇ ಊರಿನ ಟೊಮೆಟೊಗೆ ತಂದರು. ಆ ಗಿಡಗಳ ಕಾಯಿಯಲ್ಲಿ ಎಜಿಪಿಯೇಸ್ ಹೆಚ್ಚು ದಿನ ಚುರುಕಾಗಿ ಉಳಿಯಿತು, ಪಿಷ್ಟ ಹೆಚ್ಚಾಯಿತು, ಹಣ್ಣಾದಾಗ ಸಕ್ಕರೆಯೂ ಹೆಚ್ಚಿತ್ತು. ಎಳೆತನದ ಪಿಷ್ಟಕ್ಕೂ ಹಣ್ಣಿನ ಸಿಹಿಗೂ ನಂಟಿದೆ ಎನ್ನಲು ಇದಕ್ಕಿಂತ ನೇರವಾದ ಪುರಾವೆ ಕಡಿಮೆ.

ಪಿಶಾಚಿಯವರ ಪರ: ಪಿಷ್ಟ ಕರಗುವ ಕಾಲದಲ್ಲಿ ಕಾಯಿ ದಾರಿಯನ್ನೇ ಬದಲಿಸಿಕೊಳ್ಳುತ್ತದೆ, ಆಗಲೂ ಆಮದು ಬಿರುಸಾಗಿಯೇ ನಡೆಯುತ್ತದೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಯೋಂಗ್-ಲಿಂಗ್ ರುವಾನ್ ಮತ್ತು ಜಾನ್ ಪ್ಯಾಟ್ರಿಕ್ 1995ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಕೋಶದ ಪೊರೆಯನ್ನು ದಾಟಲಾಗದ ಒಂದು ಹೊಳೆಯುವ ಬಣ್ಣವನ್ನು ಫ್ಲೋಯಮ್ ಮೂಲಕ ಕಾಯಿಗೆ ಕಳಿಸಿದರು. ಹೂ ಅರಳಿ 13–14 ದಿನವಾದ ಕಾಯಿಯಲ್ಲಿ ಬಣ್ಣ ನಾಳದಿಂದ ಹೊರಬಂದು ಸುತ್ತಲಿನ ತಿರುಳಿನ ಕೋಶಗಳಿಗೆಲ್ಲ ಹರಡಿತು. ಎಂದರೆ ಕೋಶದಿಂದ ಕೋಶಕ್ಕೆ ಸಣ್ಣ ಕಿಂಡಿಗಳು ತೆರೆದಿವೆ, ಸುಕ್ರೋಸ್ ಇಡಿಯಾಗಿ ಅದರಲ್ಲೇ ಜಾರಿ ಹೋಗುತ್ತದೆ. 23–25 ದಿನದ ಕಾಯಿಯಲ್ಲಿ ಬಣ್ಣ ನಾಳದ ಗೆರೆಯಲ್ಲೇ ನಿಂತುಬಿಟ್ಟಿತು. ಕಿಂಡಿಯ ದಾರಿ ಬಂದ್.

ಆ ಹೊತ್ತಿಗೆ ಕಾಯಿ ಗ್ಲೂಕೋಸನ್ನೂ ಫ್ರಕ್ಟೋಸನ್ನೂ ಕರಗಿದ ರೂಪದಲ್ಲೇ ಕೂಡಿಡಲು ಶುರುಮಾಡಿರುತ್ತದೆ. ಕಿಂಡಿಗಳು ತೆರೆದೇ ಇದ್ದರೆ ಕೂಡಿಟ್ಟದ್ದು ಹಿಂದಕ್ಕೆ ಸೋರಬಹುದು. ಆದ್ದರಿಂದ ಸುಕ್ರೋಸನ್ನು ನಾಳದಿಂದ ಕೋಶಗಳ ಹೊರಗಿನ ಗೋಡೆಯ ಜಾಗಕ್ಕೆ ಬಿಡುತ್ತದೆ. ಅಲ್ಲಿ ಇನ್ವರ್ಟೇಸ್ ಎಂಬ ಕಿಣ್ವ ಕಾದು ಕುಳಿತಿದ್ದು ಅದನ್ನು ಎರಡಾಗಿ ಒಡೆಯುತ್ತದೆ. ಒಡೆದ ಸಕ್ಕರೆಗಳನ್ನು ಪೊರೆಯಲ್ಲಿರುವ ಸಾಗಣೆ ಪ್ರೋಟೀನುಗಳು ಶಕ್ತಿ ಖರ್ಚುಮಾಡಿ ಒಳಗೆಳೆದು ಕೋಶದೊಳಗಿನ ರಸದ ಚೀಲದಲ್ಲಿ, ಅಂದರೆ ರಸಧಾನಿಯಲ್ಲಿ, ತುಂಬುತ್ತವೆ. ಮೊದಲು ಪಿಷ್ಟ ಮಾಡುತ್ತಿದ್ದ ಕೆಲಸವನ್ನು ಈಗ ಇನ್ವರ್ಟೇಸ್ ಮತ್ತು ಆ ಪ್ರೋಟೀನುಗಳು ವಹಿಸಿಕೊಂಡವು.

ಸಂಶಯ ಪಿಶಾಚಿ

ಒಪ್ಪಿದೆ. ಮೊದಲ ಸರದಿ ಪಿಷ್ಟದ್ದು, ಎರಡನೆಯದು ಇನ್ವರ್ಟೇಸಿನದು. ಆದರೂ ನಾನು ಎರಡನೆಯದಕ್ಕೇ ಹೆಚ್ಚು ಅಂಕ ಕೊಡುತ್ತೇನೆ.

ಪ್ರಯೋಗಾಲಯದ ಹುಡುಗಿ

ಅಂಕ ಕೊಡಲು ನಿಮಗೆ ಇನ್ನೊಂದು ಕಾರಣ ಸಿಗುತ್ತದೆ. ಪೆರು ದೇಶದಲ್ಲಿ ಸೊಲಾನಮ್ ಪೆನೆಲಿಯೈ ಎಂಬ ಕಾಡು ಟೊಮೆಟೊ ಇದೆ. ಹಣ್ಣು ಗೋಲಿಯಷ್ಟು, ಹಣ್ಣಾದರೂ ಹಸಿರು, ತಿನ್ನಲು ಬಾರದು. ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದ ಡಾನಿ ಝಮೀರ್ ತಂಡದವರು ಅದರ ವರ್ಣತಂತುಗಳ ಚೂರುಗಳನ್ನು ಒಂದೊಂದಾಗಿ ಊರಿನ ಟೊಮೆಟೊಗೆ ಸೇರಿಸುತ್ತಾ ಹೋದರು. ಒಂಬತ್ತನೆಯ ವರ್ಣತಂತುವಿನ ಒಂದು ಚೂರು ಬ್ರಿಕ್ಸನ್ನು ಏರಿಸಿತು. ಜರಡಿ ಹಿಡಿಯುತ್ತಾ ಹೋಗಿ 2000ದಲ್ಲಿ ಅದನ್ನು 484 ಡಿಎನ್‌ಎ ಅಕ್ಷರಗಳಷ್ಟು ಚಿಕ್ಕ ಜಾಗಕ್ಕೆ ತಂದು ನಿಲ್ಲಿಸಿದರು. ಅದು ಕೋಶಭಿತ್ತಿಯ ಇನ್ವರ್ಟೇಸ್ ತಯಾರಿಸುವ ಲಿನ್5 ಎಂಬ ವಂಶವಾಹಿಯ ಭಾಗವಾಗಿತ್ತು. 2004ರಲ್ಲಿ ಗೊತ್ತಾದದ್ದು ಇನ್ನೂ ಚೋದ್ಯ: ಈ ಏರಿಕೆಗೆ ಕಾರಣ ಕಿಣ್ವದ ಒಂದೇ ಒಂದು ಅಮೈನೊ ಆಮ್ಲದ ವ್ಯತ್ಯಾಸ. ಕಾಡಿನದು ಸುಕ್ರೋಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಒಡೆಯುತ್ತದೆ.

ಇದರ ವಿರುದ್ಧ ದಿಕ್ಕಿನ ಪ್ರಯೋಗವೂ ಇದೆ. ರಸಧಾನಿಯೊಳಗಿನ ಇನ್ನೊಂದು ಇನ್ವರ್ಟೇಸನ್ನು ತಗ್ಗಿಸಿದ ಗಿಡಗಳಲ್ಲಿ ಸುಕ್ರೋಸ್ ಒಡೆಯದೆ ಹಾಗೆಯೇ ಉಳಿಯಿತು, ಹಣ್ಣು ಸುಮಾರು ಶೇಕಡ 30ರಷ್ಟು ಚಿಕ್ಕದಾಯಿತು. ಒಂದು ಸುಕ್ರೋಸ್ ಒಡೆದರೆ ಎರಡು ಸಕ್ಕರೆ, ಎರಡು ಸಕ್ಕರೆ ಎಳೆಯುವ ನೀರು ಹೆಚ್ಚು, ನೀರು ಹೆಚ್ಚಾದರೆ ಹಣ್ಣು ದಪ್ಪ.

ಮುಳಬಾಗಿಲು ಬೆಳೆಗಾರ

ಎಲ್ಲರಿಗೂ ಧನ್ಯವಾದ. ಮಗಳಿಗೆ ಓದಿ ಹೇಳಿದೆ, ಇನ್ವರ್ಟೇಸ್ ತನ್ನ ಪಾಠದಲ್ಲಿದೆ ಎಂದಳು. ನನಗೆ ಒಂದು ಹಳೆಯ ಅನುಭವ ಈಗ ಅರ್ಥವಾಯಿತು. ಕಾಯಿಯ ಭಾರಕ್ಕೆ ಗೊಂಚಲಿನ ಕಾಂಡ ಕೆಲವೊಮ್ಮೆ ಮಡಿಸಿದಂತೆ ಬಾಗುತ್ತದೆ. ಪೂರ್ತಿ ಮುರಿದಿರುವುದಿಲ್ಲ, ಗೊಂಚಲು ಬಾಡುವುದೂ ಇಲ್ಲ. ಆದರೆ ಮಡಿಕೆಯ ಆಚೆಗಿನ ಕಾಯಿಗಳು ದಪ್ಪವಾಗುವುದಿಲ್ಲ, ಹಣ್ಣಾದಾಗ ತಿಂದರೆ ನೀರು ನೀರು. ನೀರು ಹೋಗುತ್ತಿದೆ, ಸಕ್ಕರೆಯ ನಾಳ ಜಜ್ಜಿಹೋಗಿದೆ ಎಂದೇ ಅರ್ಥವೇ?

ಹಸಿರುಮನೆ ಕನ್ನಡಿಗ

ಬೆಳೆಗಾರರೇ, ನೆದರ್‌ಲ್ಯಾಂಡ್ಸ್‌ನಲ್ಲಿ ಗಾಜಿನ ಮನೆಯ ಟೊಮೆಟೊ ಬೆಳೆಯಲ್ಲಿ ಕೆಲಸ ಮಾಡುತ್ತೇನೆ, ಊರು ಶ್ರೀನಿವಾಸಪುರದ ಕಡೆ. ನೀವು ಹೇಳಿದ ಮಡಿಕೆಗೆ ಇಲ್ಲಿ ಹೆದರುತ್ತಾರೆ. ಗೊಂಚಲಿನ ಕಾಂಡ ಎಳೆಯದಾಗಿರುವಾಗಲೇ ಕಮಾನಿನಂತಹ ಸಣ್ಣ ಪ್ಲಾಸ್ಟಿಕ್ ತುಂಡನ್ನು ಸಿಕ್ಕಿಸಿಬಿಡುತ್ತಾರೆ. ಆಮೇಲೆ ಎಷ್ಟು ಭಾರ ಬಂದರೂ ಕಾಂಡ ದುಂಡಗೆ ಬಾಗುತ್ತದೆ ಹೊರತು ಮಡಚಿಕೊಳ್ಳುವುದಿಲ್ಲ. ಒಂದೊಂದು ಗೊಂಚಲಿನಲ್ಲಿ ಎಷ್ಟು ಕಾಯಿ ಇರಬೇಕು ಎಂದು ಲೆಕ್ಕ ಹಾಕಿ ತುದಿಯ ಹೂಗಳನ್ನು ಚಿವುಟುತ್ತಾರೆ. ಎಲೆಯಿಂದ ಬರುವ ಸಕ್ಕರೆ ಅಷ್ಟೇ. ಪಾಲುದಾರರು ಕಡಿಮೆಯಾದರೆ ಉಳಿದ ಕಾಯಿಗೆ ಹೆಚ್ಚು.

ರುಚಿಗಾಗಿ ಇಲ್ಲಿ ಇನ್ನೊಂದು ಉಪಾಯ ಮಾಡುತ್ತಾರೆ. ಬೇರಿಗೆ ಕೊಡುವ ಪೋಷಕಾಂಶದ ನೀರಿನಲ್ಲಿ ಲವಣದ ಪ್ರಮಾಣವನ್ನು ಬೇಕೆಂದೇ ಏರಿಸುತ್ತಾರೆ. ಕಾಯಿಗೆ ನೀರು ಕಡಿಮೆ ಹೋಗುತ್ತದೆ, ಸಕ್ಕರೆ ದಟ್ಟವಾಗುತ್ತದೆ. ತೂಕ ಇಳಿಯುತ್ತದೆ, ಆದರೆ ಚೆರ್ರಿ ಟೊಮೆಟೊಗೆ ಗ್ರಾಹಕರು ರುಚಿ ನೋಡಿಯೇ ದುಡ್ಡು ಕೊಡುವುದರಿಂದ ನಡೆಯುತ್ತದೆ.

ಪ್ರಯೋಗಾಲಯದ ಹುಡುಗಿ

ಲವಣದ ಮಾತಿಗೆ ಒಂದು ಸೇರ್ಪಡೆ. ಅದು ನೀರನ್ನು ಇಳಿಸಿ ಸಕ್ಕರೆಯನ್ನು ದಟ್ಟಗೊಳಿಸುವುದಷ್ಟೇ ಅಲ್ಲ. ಮೈಕ್ರೋ-ಟಾಮ್ ಎಂಬ ಗಿಡ್ಡ ತಳಿಯ ಮೇಲೆ ಜಪಾನಿನಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಉಪ್ಪುನೀರು ಕುಡಿದ ಗಿಡಗಳ ಎಳೆಯ ಕಾಯಿಗಳಲ್ಲಿ ಪಿಷ್ಟವೂ ಹೆಚ್ಚಾಗಿತ್ತು, ಎಜಿಪಿಯೇಸ್ ವಂಶವಾಹಿಗಳೂ ಚುರುಕಾಗಿದ್ದವು. ಪಿಶಾಚಿಯವರೇ, ಮೇಷ್ಟ್ರಿಗೆ ಒಂದು ಅಂಕ.

ಚಿಂತಾಮಣಿ ಮೇಷ್ಟ್ರು

ಅಂಕ ಸ್ವೀಕರಿಸಿದೆ. ಆದರೆ ನಮ್ಮ ಕಡೆಯ ರೈತರು ಇದನ್ನು ಓದಿ ಹೊಲಕ್ಕೆ ಉಪ್ಪು ಹೊತ್ತುಕೊಂಡು ಹೋಗುವುದು ಬೇಡ. ಗಾಜಿನ ಮನೆಯಲ್ಲಿ ಬೇರಿನ ನೀರನ್ನು ನಾಳೆಯೇ ಬದಲಿಸಬಹುದು; ಕೋಲಾರದ ಮಣ್ಣಿಗೆ ಸೇರಿದ ಉಪ್ಪು ಮಳೆ ಬಂದು ತೊಳೆಯುವವರೆಗೆ ಅಲ್ಲೇ ಇರುತ್ತದೆ.

ಇನ್ನೊಂದು ಅಪಾಯ ಕಾಯಿಯ ತುದಿ (ತೊಟ್ಟಿಗೆ ಎದುರಿನ ಭಾಗ) ಕಪ್ಪಾಗಿ ಕೊಳೆಯುವುದು. ಕಾಯಿಗೆ ಬರುವ ನೀರಿನಲ್ಲಿ ಬಹುಪಾಲು, ಶೇಕಡ 80ಕ್ಕೂ ಹೆಚ್ಚು, ಸಕ್ಕರೆಯ ಜೊತೆಗೆ ಫ್ಲೋಯಮ್‌ನಲ್ಲೇ ಬರುತ್ತದೆ. ಕ್ಯಾಲ್ಸಿಯಂ ಮಾತ್ರ ಆ ದಾರಿಯಲ್ಲಿ ಬರುವುದೇ ಕಡಿಮೆ. ಅದಕ್ಕೆ ಬೇರಿನಿಂದ ನೇರವಾಗಿ ಬರುವ, ಕ್ಸೈಲಮ್ ಎಂಬ ಇನ್ನೊಂದು ನಾಳದ ನೀರೇ ಬೇಕು. ಲವಣ ಹೆಚ್ಚಾದಾಗ ಮೊದಲು ಕುಗ್ಗುವುದು ಆ ನೀರು. ಕಾಯಿ ಸಕ್ಕರೆಯನ್ನು ಭರದಿಂದ ಎಳೆದುಕೊಂಡು ಊದುತ್ತಿರುವಾಗ ತುದಿಗೆ ಕ್ಯಾಲ್ಸಿಯಂ ತಲುಪದೆ ಅಲ್ಲಿನ ಕೋಶಗಳು ಸಾಯುತ್ತವೆ. ಹೀಗೆ ಕೊಳೆತ ಕಾಯಿಯನ್ನು ರೋಗವೆಂದು ತಿಳಿದು ಶಿಲೀಂಧ್ರನಾಶಕ ಹೊಡೆಯುವವರನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ಔಷಧಿ ಅಂಗಡಿಯವರಿಗೆ ಲಾಭ.

ಬೆಳೆಗಾರರೇ, ಮಡಿಕೆಯ ಬಗ್ಗೆ ನಿಮ್ಮ ಊಹೆ ಸರಿ.

ಕೋಲಾರ ಮಂಡಿ

ನಾನು ಕೇಳುವುದು ಒಂದೇ. 15 ಕಿಲೊ ಬಾಕ್ಸಿನಲ್ಲಿ ಸಕ್ಕರೆ ಎಷ್ಟಿರುತ್ತದೆ?

ಸಂಶಯ ಪಿಶಾಚಿ

ಮೇಲಿನ ಲೆಕ್ಕದಲ್ಲೇ ಹೋದರೆ 400 ಗ್ರಾಂ ಆಸುಪಾಸು. ನೀರು 14 ಕಿಲೊ. ಉಳಿದದ್ದು ನಾರು, ಹುಳಿ, ಬೀಜ, ಸಿಪ್ಪೆ.

ಕೋಲಾರ ಮಂಡಿ

ಹಾಗಾದರೆ ನಾವು ಇಲ್ಲಿಂದ ಲಾರಿ ತುಂಬಿ ದೆಹಲಿಗೆ ಕಳಿಸುವುದು ನಮ್ಮ ಕೊಳವೆ ಬಾವಿಯ ನೀರನ್ನು! ಮಳೆ ಕಾಣದ ಜಿಲ್ಲೆಯಿಂದ. 2023ರ ಜುಲೈನಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿದಾಗಲೂ ಯಾರೂ ಸಿಹಿಗೆ ಬೆಲೆ ಕಟ್ಟಲಿಲ್ಲ, ಬೆಲೆ ಬಿದ್ದು ರಸ್ತೆ ಬದಿ ಸುರಿದಾಗಲೂ ಕಟ್ಟಲಿಲ್ಲ. ತೂಕ, ಗಟ್ಟಿತನ, ಬಣ್ಣ. ರೈತ ಸಕ್ಕರೆಯ ಹಿಂದೆ ಹೋದರೆ ತೂಕ ಕಳೆದುಕೊಳ್ಳುತ್ತಾನೆ ಎಂದು ಹಸಿರುಮನೆಯವರೇ ಹೇಳಿದರಲ್ಲ.

ಪ್ರಯೋಗಾಲಯದ ಹುಡುಗಿ

ಮಂಡಿ ಅಣ್ಣಾ, ಈ ತೂಕ–ಸಿಹಿಯ ಜಗಳ ನಮ್ಮ ಕ್ಷೇತ್ರದ ಹಳೆಯ ತಲೆನೋವು. ಕಾಡು ಟೊಮೆಟೊಗಳಿಂದ ಸಿಹಿ ತಂದಾಗಲೆಲ್ಲ ಗಾತ್ರ ಕುಗ್ಗುವ ಅಪಾಯ ಬೆನ್ನಿಗೆ ಬರುತ್ತಿತ್ತು. 2024ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಅದಕ್ಕಾಗಿಯೇ ಸುದ್ದಿಯಾಯಿತು. ಮೇಷ್ಟ್ರು ಮೊದಲೇ ಹೇಳಿದ ಸುಕ್ರೋಸ್ ಸಿಂಥೇಸ್ ನೆನಪಿದೆಯೇ? ಗಿಡದಲ್ಲಿ ಎರಡು ಪ್ರೋಟೀನುಗಳು ಆ ಕಿಣ್ವಕ್ಕೆ ಗುರುತು ಹಾಕಿ ಅದನ್ನು ಬೇಗ ನಾಶವಾಗುವಂತೆ ಮಾಡುತ್ತವೆ. ಸಕ್ಕರೆಗೆ ಅವು ಬ್ರೇಕ್. ಜೀನ್ ಎಡಿಟಿಂಗ್ ಮೂಲಕ ಆ ಎರಡನ್ನೂ ಕೆಲಸದಿಂದ ತೆಗೆದಾಗ ಹಣ್ಣಿನ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಶೇಕಡ 30ರವರೆಗೆ ಏರಿದವು. ಹಣ್ಣಿನ ತೂಕವಾಗಲಿ ಇಳುವರಿಯಾಗಲಿ ಇಳಿಯಲಿಲ್ಲ. ಬೀಜಗಳು ಮಾತ್ರ ಕಡಿಮೆಯಾದವು, ಹಗುರಾದವು. ಮೊಳಕೆ ಚೆನ್ನಾಗಿಯೇ ಬಂತು.

ತಾರಸಿ ತೋಟ

ಅದರ ಬೀಜ ನಮಗೆ ಸಿಗುತ್ತದೆಯೇ?

ಪ್ರಯೋಗಾಲಯದ ಹುಡುಗಿ

ಅದು ಪ್ರಯೋಗಾಲಯದಲ್ಲಿ ಬಳಸುವ ಮನಿಮೇಕರ್ ಎಂಬ ಹಳೆಯ ತಳಿಯಲ್ಲಿ ಮಾಡಿದ್ದು. ಕೋಲಾರದ ಬಿಸಿಲು, ಎಲೆ ಮುಟುರು ವೈರಸ್, ಸೊರಗು ರೋಗ ಇವನ್ನೆಲ್ಲ ಅದು ತಾಳುವುದಿಲ್ಲ. ಇಲ್ಲಿ ಮೊದಲು ಬದುಕುವ ಗಿಡ ಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆಯುವ ಗುಣದಿಂದಲೇ ಹೆಸರು ಮಾಡಿದ್ದು: ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ. ಅದರ ಗುಣಗಾನದಲ್ಲಿ ಸಿಹಿಯ ಮಾತು ಯಾರೂ ಎತ್ತುವುದಿಲ್ಲ. ಆದರೆ ಬೆಳೆಗಾರರ ಎರಡು ತಾಕುಗಳ ಅಂಕಿಗಳನ್ನು ನೋಡಿ. ಎಲೆ ಉಳಿಸುವ ಗುಣ ಎಂದರೆ ಸಕ್ಕರೆ ಉಳಿಸುವ ಗುಣವೂ ಹೌದು ಎಂದೇ ನನ್ನ ವಾದ.

ಮುಳಬಾಗಿಲು ಬೆಳೆಗಾರ

ಕೊನೆಯದಾಗಿ ಒಂದು ಕೆಲಸದ ಪ್ರಶ್ನೆ. ಮುಂದಿನ ಬೆಳೆಗೆ ಕೋಲು ಕಟ್ಟುವಾಗ ಆಳುಗಳು ಕೆಳಗಿನ ಎಲೆಗಳನ್ನು ಸವರಿಬಿಡುತ್ತಾರೆ, ಗಾಳಿಯಾಡಲಿ ಎಂದು. ರೋಗ ಕಡಿಮೆಯಾಗುವುದು ನಿಜ. ಎಲೆ ತೆಗೆದರೆ ಸಕ್ಕರೆ ಹೋಗುತ್ತದೆ ಎನ್ನುತ್ತೀರಿ. ಎಲ್ಲಿಯವರೆಗೆ ತೆಗೆಯಬಹುದು?

ಹಸಿರುಮನೆ ಕನ್ನಡಿಗ

ಗೊಂಚಲಿಗೆ ಹೆಚ್ಚಿನ ಸಕ್ಕರೆ ಬರುವುದು ಅದರ ಪಕ್ಕದ ಮತ್ತು ಸ್ವಲ್ಪ ಕೆಳಗಿನ ಎಲೆಗಳಿಂದ. ಎತ್ತರ ಬೆಳೆಯುವ ತಳಿಗಳಲ್ಲಿ ಎರಡು ಗೊಂಚಲುಗಳ ನಡುವೆ ಸಾಮಾನ್ಯವಾಗಿ ಮೂರು ಎಲೆ ಇರುತ್ತವೆ. ಮೊದಲ ಗೊಂಚಲಿನ ಕಾಯಿ ಬಲಿತು ಬಣ್ಣ ತಿರುಗುವವರೆಗೆ ಅದರ ಕೆಳಗಿನ ಹಸಿರು ಎಲೆಗಳನ್ನು ಮುಟ್ಟಬೇಡಿ. ಬಣ್ಣ ತಿರುಗಿತೆಂದರೆ ಆ ಗೊಂಚಲಿನ ಆಮದು ಹೆಚ್ಚುಕಡಿಮೆ ಮುಗಿದಂತೆ, ಆಗ ತೆಗೆಯಿರಿ. ನೆಲ ಮುಟ್ಟುವ ಎಲೆ, ಹಳದಿಯಾದ ಎಲೆ, ಅರ್ಧಕ್ಕಿಂತ ಹೆಚ್ಚು ಚುಕ್ಕೆ ಬಿದ್ದ ಎಲೆ ಯಾವಾಗ ಬೇಕಾದರೂ ಹೋಗಲಿ, ಅವು ದುಡಿಯುವುದಿಲ್ಲ. ಎಲೆಯ ಕಂಕುಳಲ್ಲಿ ಬರುವ ಕವಲುಗಳನ್ನು ಬೆರಳುದ್ದ ಇರುವಾಗಲೇ ಚಿವುಟಿಸಿ. ಎಳೆಯ ಕವಲು ಎಲೆ ಬಲಿಯುವವರೆಗೆ ತಾನೂ ಸಕ್ಕರೆ ಎಳೆಯುತ್ತದೆ, ಕಾಯಿಗೆ ಅದು ನೇರ ಪೈಪೋಟಿ. ಗಿಡ್ಡ ತಳಿಯಾದರೆ ಗೊಂಚಲುಗಳ ನಡುವೆ ಎಲೆಯೇ ಒಂದೋ ಎರಡೋ. ಅದಕ್ಕೆ ಕತ್ತರಿ ಬೇಡವೇ ಬೇಡ.